ಅಜ್ಜಿಯ ಮಳೆಪುಸ್ತಕ

ಕಾರ್ಕ್, ಐರ್ಲೆಂಡ್
3 ಆಗಸ್ಟ್ 2025, ಭಾನುವಾರ

ತೀರ್ಥರೂಪರಾದ ಅಪ್ಪನಿಗೆ ಮಗಳ ನಮಸ್ಕಾರಗಳು.

ಇಲ್ಲಿ ನಾವು ಕ್ಷೇಮ. ಅಮ್ಮ, ಅತ್ತೆ, ಚಿಕ್ಕಪ್ಪ, ಚಿಕ್ಕಮ್ಮ, ಅಣ್ಣ, ಅತ್ತಿಗೆ, ಪುಟ್ಟಿ ಎಲ್ಲರನ್ನೂ ಕೇಳಿದೆನೆಂದು ಹೇಳಿ. ಅತ್ತೆಗೆ ಈ ಪತ್ರವನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಇದರಲ್ಲಿ ಅವರ ವಿಷಯವೂ ಇದೆ. ಬೇಡವೆಂದರೆ ಅಷ್ಟನ್ನು ಬಿಟ್ಟುಬಿಡಿ.

ಇಂದು ಆಟಿ ತಿಂಗಳ 18ನೇ ದಿನ. ಅಮ್ಮ ನಿನ್ನೆ ಸಂಜೆಯೇ ತೋಡಿನ ಬದಿಗೆ ಹೋಗಿ ಮದ್ದುಸೊಪ್ಪು ಕೊಯ್ದು ತಂದಿರುತ್ತಾರೆ. ಕುದಿಸಿ ಸೋಸಿದ ಆ ಕಡುನೇರಳೆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲವೂ ಕಾಯಿಹಾಲೂ ಹಾಕಿ ಪಾಯಸ ಮಾಡಿರುತ್ತಾರೆ. ಹದಿನೆಂಟು ಬಗೆಯ ಮದ್ದು ಈ ದಿನ ಆ ಸೊಪ್ಪಿನಲ್ಲಿ ಕೂಡಿರುತ್ತದೆ ಎಂದು ಹೇಳಿ ಅಜ್ಜಿ ನಮ್ಮನ್ನೆಲ್ಲ ಅಡುಗೆಮನೆಯಲ್ಲಿ ಸಾಲಾಗಿ ಕೂರಿಸಿ ಉಣ್ಣಿಸುತ್ತಿದ್ದರು. ಮನೆಯಿಡೀ ಹರಡುವ ಅದರ ವಾಸನೆ ಇಂದು ಬೆಳಗಿನಿಂದ ನನ್ನ ಮೂಗಿನಲ್ಲೇ ಇದೆ. ಅಜ್ಜಿಯಿಲ್ಲದ ಮೊದಲ ಆಟಿ ಇದು.

ವರ್ಷಾಂತಿಕದ ದಿನ ಹಂಚಲು ಒಂದು ಪುಸ್ತಿಕೆ ತರುತ್ತೇವೆ, ನೀನೂ ನಾಲ್ಕು ಮಾತು ಬರೆದು ಕಳುಹಿಸು ಎಂದಿದ್ದಿರಿ. ಚಿಕ್ಕಪ್ಪ ಕಳುಹಿಸಿದ ಕರಡನ್ನು ಮೊಬೈಲಿನಲ್ಲಿ ಓದಿದೆ. ‘ತುಂಬು ಜೀವನ ನಡೆಸಿದ ತ್ಯಾಗಮಯಿ, ಮಮತೆಯ ಮೂರ್ತಿ’ ಎಂದಿದೆ. ಒಂದು ಮಾತೂ ಸುಳ್ಳಲ್ಲ. ಆದರೆ ಆ ಮಾತುಗಳನ್ನು ಭಾಗಮಂಡಲದಿಂದ ಮಡಿಕೇರಿಯವರೆಗೆ ಯಾವ ಮನೆಯ ಅಜ್ಜಿಗೆ ಹಾಕಿದರೂ ಸರಿಹೊಂದುತ್ತವೆ. ನಮ್ಮ ಅಜ್ಜಿ ತಾನು ಅಳೆಯದೇ ಇದ್ದದ್ದನ್ನು ಎಂದೂ ಬರೆದವರಲ್ಲ. ಹಾಗಾಗಿ ನನ್ನ ಕಣ್ಣಿಗೆ ಕಂಡಷ್ಟನ್ನು, ಅವರ ಬಾಯಿಂದ ಕೇಳಿದಷ್ಟನ್ನು ಬರೆಯುತ್ತೇನೆ.

2023ರಲ್ಲಿ ಹೊಸ ಕದಿರಿನ ಹಬ್ಬ ಹುತ್ತರಿಗೆ ನಾನು ಬಂದಿದ್ದಾಗ ಅಜ್ಜಿ, ದಿನದಿನದ ಮಳೆ ಅಳೆದು ಬರೆದಿಟ್ಟ ಮಳೆಪುಸ್ತಕಗಳ ಪೆಟ್ಟಿಗೆಯನ್ನು ತಾವೇ ತೆಗೆಸಿ, ‘ಗೆದ್ದಲು ಹಿಡಿಯುವ ಮೊದಲು ಫೋಟೋ ತೆಗೆದುಕೋ’ ಎಂದರು. ಎರಡು ದಿನ ಜಗಲಿಯಲ್ಲಿ ಕುಳಿತು 1961ರಿಂದ ಅಲ್ಲಿಯವರೆಗಿನ ಎಲ್ಲ ಪುಟಗಳನ್ನೂ ತೆಗೆದೆ. ಅವರು ಎದುರಿಗೇ ಕುಳಿತು ಪುಟ ತಿರುಗಿಸಿಕೊಡುತ್ತಿದ್ದರು. ಈಗ ಮೂರು ಭಾನುವಾರಗಳಿಂದ ಅದನ್ನೇ ಓದುತ್ತಿದ್ದೇನೆ.

ಮೊದಲ ಏಳು ವರ್ಷ ಅಜ್ಜನ ಅಕ್ಷರ. ಅವರು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರಲ್ಲ, ಅಂಕಿಗಳು ಅಚ್ಚು ಹಾಕಿದಂತಿವೆ. ತೋಟದ ಕಚೇರಿಯಲ್ಲಿ ಹಳೆಯದಾಯಿತೆಂದು ಬದಿಗಿಟ್ಟಿದ್ದ ತಾಮ್ರದ ಆಲಿಕೆಯನ್ನೂ ಅಳತೆಗಾಜನ್ನೂ ಅವರು ಮನೆಗೆ ತಂದದ್ದು ಅದೇ 1961ರಲ್ಲಿ. ಆ ವರ್ಷದ ಮಳೆಯನ್ನು ಊರು ಇನ್ನೂ ಮರೆತಿಲ್ಲ. ಮುತ್ತಜ್ಜಿ 1924ರ ನೀರನ್ನು ಕಂಡವರು. ಅವರೇ ಅಂಗಳಕ್ಕೆ ಇಳಿದು ನೋಡಿ ‘ಇದು ಅದಕ್ಕೆ ಸಮ’ ಎಂದಿದ್ದರಂತೆ. ಜುಲೈ ತಿಂಗಳ ಒಂದು ಸಾಲಿನ ಪಕ್ಕದಲ್ಲಿ ಅಜ್ಜ ಬರೆದಿದ್ದಾರೆ: ‘ಸಂಗಮ ಎಲ್ಲಿ, ರಸ್ತೆ ಎಲ್ಲಿ, ತಿಳಿಯುವುದಿಲ್ಲ.’

1968ರ ಜುಲೈ 19ರವರೆಗೆ ಅದೇ ಅಕ್ಷರ. 20ನೇ ತಾರೀಕಿನ ಸಾಲಿನಿಂದ ಕೈ ಬದಲಾಗುತ್ತದೆ. ದಪ್ಪ ದಪ್ಪ ಅಂಕಿ, ಪೆನ್ಸಿಲನ್ನು ಎಷ್ಟು ಒತ್ತಿದ್ದಾರೆಂದರೆ ಒಂದು ಕಡೆ ಕಾಗದ ಹರಿದಿದೆ. ಮೂರು ಇಂಚು ನಲವತ್ತು ಸೆಂಟು (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು). ಬೇರೆ ಒಂದು ಮಾತಿಲ್ಲ.

ಅಪ್ಪ, ನಿಮಗೆ ಆಗ ಹನ್ನೆರಡು ವರ್ಷ. ಅಜ್ಜನಿಗೆ ಜ್ವರ ಏರಿದ್ದು, ಭಾಗಮಂಡಲದಲ್ಲಿ ರಸ್ತೆಯ ಮೇಲೆ ನೀರು ನಿಂತು ಮಡಿಕೇರಿಗೆ ಒಯ್ಯಲು ದಾರಿಯಿಲ್ಲದೇ ಹೋದದ್ದು, ಮೂರನೆಯ ರಾತ್ರಿ ಅವರು ತೀರಿಕೊಂಡದ್ದು, ಎಲ್ಲವನ್ನೂ ನೀವು ನನಗೆ ಹೇಳಿದ್ದೀರಿ. ಮರುದಿನ ಬೆಳಿಗ್ಗೆ, ಶವ ಇನ್ನೂ ನಡುಮನೆಯಲ್ಲಿದ್ದಾಗ, ಅಜ್ಜಿ ಅಂಗಳಕ್ಕೆ ಇಳಿದು ಮಳೆ ಅಳೆದು ಬಂದದ್ದನ್ನು ಮಾತ್ರ ಹೇಳಿರಲಿಲ್ಲ. ಬಹುಶಃ ನಿಮಗೂ ಗೊತ್ತಿರಲಿಲ್ಲ. ಆ ಪುಟ ಬಂದಾಗ ನಾನು ಕೇಳಿದೆ, ‘ಅವತ್ತು ನಿಮಗೆ ಹೇಗೆ ಸಾಧ್ಯವಾಯಿತು ಅಜ್ಜಿ?’ ಅವರು ಸ್ವಲ್ಪ ಹೊತ್ತು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದರು. ‘ಪಾತ್ರೆ ತುಂಬುತ್ತಾ ಬಂದಿತ್ತು. ಅಳೆದು ಚೆಲ್ಲದಿದ್ದರೆ ಮರುದಿನದ ಲೆಕ್ಕ ತಪ್ಪುತ್ತಿತ್ತು’ ಎಂದರು. ಮೂವತ್ತೈದು ವರ್ಷದ ಹೆಂಗಸು, ನಾಲ್ಕನೇ ತರಗತಿ ಓದಿದವರು, ಮೂರು ಮಕ್ಕಳು, ನಾಟಿ ಅರ್ಧ ಆಗಿದ್ದ ಗದ್ದೆ. ಇದನ್ನು ಪುಸ್ತಿಕೆಯಲ್ಲಿ ಹಾಕಿ ಅಪ್ಪ. ‘ಧೈರ್ಯಗುಂದದೆ ಸಂಸಾರ ನಡೆಸಿದರು’ ಎಂಬ ಸಾಲನ್ನು ತೆಗೆದು ಇದನ್ನು ಹಾಕಿ.

ಅವರು ಈ ಮನೆಗೆ ಬಂದದ್ದು 1951ರಲ್ಲಿ, ಚೇರಂಬಾಣೆ ಕಡೆಯ ತವರಿನಿಂದ, ಹದಿನೆಂಟನೆಯ ವಯಸ್ಸಿನಲ್ಲಿ. ಆಗ ಕೊಡಗೇ ಒಂದು ರಾಜ್ಯ. ಮರುವರ್ಷದ ಚುನಾವಣೆಯಲ್ಲಿ ಮುತ್ತಜ್ಜಿ ವೋಟು ಹಾಕಿ ಬಂದರು. ಅಜ್ಜಿಗೆ ಇಪ್ಪತ್ತೊಂದು ತುಂಬಿರಲಿಲ್ಲ. 1957ರಲ್ಲಿ ಅವರು ಮೊದಲ ಸಲ ವೋಟು ಹಾಕುವ ಹೊತ್ತಿಗೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ‘ನಮ್ಮ ರಾಜ್ಯಕ್ಕೆ ವೋಟು ಹಾಕುವ ಭಾಗ್ಯ ನನಗೆ ಸಿಗಲಿಲ್ಲ’ ಎಂಬ ಕೊರತೆ ಅವರಿಗೆ ಕೊನೆಯವರೆಗೂ ಇತ್ತು. ಆದರೂ ಅಲ್ಲಿಂದ ಮುಂದೆ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ.

ಪುಸ್ತಕದ ಹಿಂಬದಿಯಿಂದ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಆಳುಗಳ ಕೂಲಿ, ಕರಿಮೆಣಸಿನ ತೂಕ, ಕಾಫಿಯ ಮೂಟೆ. ಆ ಕಾಲದಲ್ಲಿ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. ಯಾವ ವರ್ಷದ ಕಾಫಿಯ ಎಷ್ಟನೆಯ ಕಂತು ಎಂಬುದನ್ನು ಅಜ್ಜಿ ತಪ್ಪದೆ ಬರೆದಿದ್ದಾರೆ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟವು, ನಮ್ಮ ಕಡೆ ಬೆಲೆ ಏರಿತು. ಬೆಳೆಗಾರರು ಸ್ವಂತವಾಗಿ ಮಾರುವ ಅವಕಾಶವೂ ಆಗತಾನೆ ಬಂದಿತ್ತು. ಊರಿನಲ್ಲಿ ಜೀಪುಗಳು ಬಂದವು, ಹೊಸ ಮನೆಗಳು ಎದ್ದವು. ಅಜ್ಜಿ ಕಣಕ್ಕೆ ಸಿಮೆಂಟು ಹಾಕಿಸಿದರು, ಅಷ್ಟೇ. ಪುಸ್ತಕದಲ್ಲಿ ಹೀಗಿದೆ: ‘ಬೆಲೆ ಏರಿದೆ. ಅಲ್ಲಿ ಯಾರದೋ ತೋಟ ಸುಟ್ಟಿದೆ.’ ನಾನು ಎಷ್ಟೋ ದೇಶದ ಜನರೊಡನೆ ಕೆಲಸ ಮಾಡಿದ್ದೇನೆ ಅಪ್ಪ. ಕಾಣದ ಊರಿನ ನಷ್ಟವನ್ನು ತನ್ನ ಲಾಭದ ಪಕ್ಕದಲ್ಲೇ ಬರೆದುಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅದೇ ಹಿಂಬದಿಯಲ್ಲಿ ಹುತ್ತರಿಯ ಎಲೆ ಲೆಕ್ಕವೂ ಇದೆ. ಕದಿರು ತಂದ ರಾತ್ರಿ ನಮ್ಮ ಮನೆಯಲ್ಲಿ ಎಷ್ಟು ಜನ ಉಂಡರು ಎಂಬುದು. 1974ರಲ್ಲಿ 63 ಎಲೆ. ನಾನು ಹುಟ್ಟಿದ ವರ್ಷ 1988ರಲ್ಲಿ 41. ಆಮೇಲೆ ಇಳಿಯುತ್ತಲೇ ಹೋಗುತ್ತದೆ. ಬೆಂಗಳೂರು, ಮೈಸೂರು, ದುಬೈ, ನಾನು 2016ರಲ್ಲಿ ಇಲ್ಲಿಗೆ. ಕೊರೊನಾ ವರ್ಷ ಕೇವಲ 5. ಆ ರಾತ್ರಿ ನಾನು ವಿಡಿಯೋ ಕರೆಯಲ್ಲಿ ‘ಪೊಲಿ ಪೊಲಿಯೇ ದೇವಾ’ ಎಂದು ನಿಮ್ಮೊಡನೆ ಕೂಗಿದ್ದೆ, ನೆನಪಿದೆಯೇ? ನನ್ನ ಹೆಸರಿಗೂ ಒಂದು ಎಲೆ ಬರೆಯಿರಿ ಅಜ್ಜಿ ಎಂದು ಕೇಳಿದೆ. ‘ನೀನು ಉಂಡಿಲ್ಲವಲ್ಲ ಮಗಳೇ, ಹೇಗೆ ಬರೆಯಲಿ?’ ಎಂದರು. ಬಹಳ ನೋವಾಯಿತು. ಎಷ್ಟೋ ದಿನ ಆ ಮಾತು ಚುಚ್ಚುತ್ತಿತ್ತು. 2023ರಲ್ಲಿ ಎಲ್ಲ ಬಿಟ್ಟು ಹುತ್ತರಿಗೇ ಬರಬೇಕೆಂದು ರಜೆ ಹಿಡಿದದ್ದು ಅದೇ ಕಾರಣಕ್ಕೆ. ಆ ವರ್ಷ 13 ಎಲೆ. ಅಂಕಿಯ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅಜ್ಜಿ ಗೆರೆ ಎಳೆದ ಅಂಕಿ ಇಡೀ ಪೆಟ್ಟಿಗೆಯಲ್ಲಿ ಅದೊಂದೇ.

ಚಿಕ್ಕಪ್ಪ ಕಾರ್ಗಿಲಿನಲ್ಲಿದ್ದ 1999ರ ಪುಟಗಳನ್ನು ಅವರಿಗೆ ಒಮ್ಮೆ ತೋರಿಸಿ. ಜೂನ್ ತಿಂಗಳಿಡೀ ಮಳೆಯ ಅಂಕಿಯ ಮುಂದೆ ‘ಪತ್ರ ಇಲ್ಲ’, ‘ಪತ್ರ ಇಲ್ಲ’, ‘ಪತ್ರ ಇಲ್ಲ’. ಜುಲೈ ಮೊದಲ ವಾರದಲ್ಲಿ ಒಂದು ದಿನ ‘ಬಂತು’. ಆ ದಿನ ಮಳೆಯ ಅಂಕಿ ಬರೆಯುವುದನ್ನು ಮರೆತಿದ್ದಾರೆ.

ಇನ್ನು ಅತ್ತೆಯ ವಿಷಯ. 1968ರಲ್ಲಿ ಅತ್ತೆ ಹೈಸ್ಕೂಲಿನಲ್ಲಿದ್ದರು, ಹದಿನೈದು ವರ್ಷ. ಅಜ್ಜ ಹೋದ ತಿಂಗಳೇ ಶಾಲೆ ಬಿಡಿಸಿದರು. ಗದ್ದೆಗೂ ಒಲೆಗೂ ಕೈ ಬೇಕಿತ್ತು, ಗಂಡುಮಕ್ಕಳು ಓದಿದರು. ತ್ಯಾಗಮಯಿ ಎಂಬ ಪದವನ್ನು ಪುಸ್ತಿಕೆಯಲ್ಲಿ ಬರೆಯುವಾಗ, ತ್ಯಾಗದಲ್ಲಿ ಅರ್ಧ ಪಾಲು ಅತ್ತೆಯದೆಂದು ನಾವು ಒಪ್ಪಿಕೊಳ್ಳಬೇಕು. ಅಜ್ಜಿ ಅದನ್ನು ಒಪ್ಪಿಕೊಂಡಿದ್ದರು. 2006ರಲ್ಲಿ ನನ್ನನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಲು ಹಣ ಸಾಲದಾದಾಗ, ಎರಡು ವರ್ಷದಿಂದ ಅಟ್ಟದಲ್ಲಿಟ್ಟಿದ್ದ ಕರಿಮೆಣಸನ್ನು ಮಾರಿಸಿ ಹಣವನ್ನು ನನ್ನ ಕೈಗೇ ಕೊಟ್ಟರು. ‘ಇದು ನಿನ್ನ ಅತ್ತೆಗೆ ನಾನು ಕೊಡದೇ ಹೋದದ್ದು. ನೀನು ಓದಿದರೆ ಅವಳ ಋಣ ತೀರುವುದಿಲ್ಲ, ಅದೂ ನನಗೆ ಗೊತ್ತು’ ಎಂದರು. ಅತ್ತೆ ಆಗ ಹಿತ್ತಿಲಿನಲ್ಲಿ ಸೌದೆ ಜೋಡಿಸುತ್ತಿದ್ದರು. ಈ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಎಂದು ನಾನು ಇಷ್ಟು ವರ್ಷ ಕೇಳಲಿಲ್ಲ. ಈಗ ಹೇಳುತ್ತಿದ್ದೇನೆ ಅತ್ತೆ. ನಿಮಗೆ ಆಗಲೇ ಹೇಳಬೇಕಿತ್ತು.

2018ರ ಆಗಸ್ಟನ್ನು ನೀವೆಲ್ಲ ಕಂಡವರು, ನಾನು ದೂರದಿಂದ ಕೇಳಿದವಳು. ಆದರೂ ಬರೆಯುತ್ತೇನೆ, ಏಕೆಂದರೆ ಪುಟ್ಟಿಗೆ ಇದು ತಿಳಿಯಬೇಕು. ಆ ವರ್ಷ ಮಳೆ ಮೊದಲಿನಿಂದಲೇ ಜೋರು. ನಮ್ಮ ಕಡೆ 200 ಇಂಚು ದಾಟುವ ವರ್ಷಗಳು ಹೊಸದಲ್ಲ. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಬರಬೇಕಾದ ಮೊತ್ತ ಆಗಸ್ಟ್ ನಡುವಿಗೇ ಬಂದಿರುವುದನ್ನು ಅಜ್ಜಿ ಕೂಡಿಸಿ ನೋಡಿದ್ದರು. ಮಕ್ಕಂದೂರು ಕಡೆ ಅತ್ತೆಯ ಮನೆ ಗುಡ್ಡದ ಬುಡದಲ್ಲಿತ್ತು. 15ರ ಬೆಳಿಗ್ಗೆ ಫೋನಿನಲ್ಲಿ ಅಜ್ಜಿ ಕೇಳಿದ ಮೊದಲ ಮಾತು ಊಟವಾಯಿತೇ ಎಂದಲ್ಲ. ‘ಮನೆಯ ಹಿಂದೆ ಒರತೆ ಎದ್ದಿದೆಯೇ?’ ‘ಎರಡು ಕಡೆ ಹೊಸದಾಗಿ ಎದ್ದಿದೆ ಅವ್ವ.’ ‘ನೀರು ಯಾವ ಬಣ್ಣ?’ ‘ಕೆಂಪು.’ ‘ದನದ ಹಗ್ಗ ಬಿಚ್ಚು, ಈಗಲೇ ಹೊರಡಿ. ಹೊಟ್ಟೆ ತುಂಬಿದ ಮಣ್ಣು ನಿಲ್ಲುವುದಿಲ್ಲ.’ ಮಾವನಿಗೆ ಮನಸ್ಸಿರಲಿಲ್ಲ, ಕಾಯಿ ಬಿಟ್ಟ ತೋಟವನ್ನು ಹೇಗೆ ಬಿಟ್ಟು ಬರುವುದು ಎಂದರು. ಅಜ್ಜಿ ಫೋನು ಇಡಲೇ ಇಲ್ಲವಂತೆ. ಹೊರಟ ಸದ್ದು ಕೇಳುವವರೆಗೆ ಹಿಡಿದುಕೊಂಡೇ ಇದ್ದರಂತೆ. 17ರಂದು ಗುಡ್ಡ ಇಳಿಯಿತು. ಮನೆ, ಕಣ, ಮೂವತ್ತು ವರ್ಷದ ಕಾಫಿ ಗಿಡ, ಒಂದೂ ಉಳಿಯಲಿಲ್ಲ. ಮಡಿಕೇರಿಯ ಪರಿಹಾರ ಕೇಂದ್ರದಿಂದ ಅತ್ತೆ ತವರಿಗೆ ಬಂದ ದಿನದ ಸಾಲಿನಲ್ಲಿ ಎರಡೇ ಪದ: ‘ಮಗಳು ಬಂದಳು.’

ಈಗ ಜೂನ್ 19ರ ರಾತ್ರಿಗೆ ಬರುತ್ತೇನೆ. ಅದನ್ನು ಬರೆಯುವುದು ಕಷ್ಟ, ಬರೆಯದೆ ಇರುವುದು ಇನ್ನೂ ಕಷ್ಟ.

ನನಗೆ ರಾತ್ರಿ ಪಾಳಿ ಇತ್ತು. ಇಲ್ಲಿ ಒಂದು ಗಂಟೆ, ಅಲ್ಲಿ ಬೆಳಗಿನ ಐದೂವರೆ. ಅಣ್ಣನ ಕರೆ ಕಂಡ ಕೂಡಲೇ ಗೊತ್ತಾಯಿತು. ಅತ್ತೆ ಕಾವೇರಿ ತೀರ್ಥ ಬಿಟ್ಟರೆಂದೂ, ಗಂಟಲಿಗೆ ಇಳಿಯಿತೆಂದೂ ಅಣ್ಣ ಹೇಳಿದ. ಮೊಬೈಲನ್ನು ಜಗಲಿಯ ಕಂಬಕ್ಕೆ ಒರಗಿಸಿಟ್ಟ. ಹೆಂಚಿನ ಮೇಲೆ ಮಳೆ, ಅದರ ಕೆಳಗೆ ಅಮ್ಮನ ಅಳು. ಚಿಕ್ಕಪ್ಪ ಕೋವಿ ಹಿಡಿದು ಅಂಗಳಕ್ಕೆ ಇಳಿಯುವುದು ಕಂಡಿತು. ಊರಿಗೆ ಸಾವು ತಿಳಿಸುವ ಜೋಡಿ ಗುಂಡು. ಮೊದಲನೆಯದು ಕೇಳಿಸಿತು. ಎರಡನೆಯದರ ಮೊದಲೇ ಸಂಪರ್ಕ ಕಡಿಯಿತು. ಮತ್ತೆ ಮತ್ತೆ ಪ್ರಯತ್ನಿಸಿದೆ, ಸಿಗಲಿಲ್ಲ. ಅಪ್ಪ, ಆ ಎರಡನೆಯ ಗುಂಡಿಗಾಗಿ ನಾನು ಇನ್ನೂ ಕಾಯುತ್ತಿರುವಂತೆ ಅನ್ನಿಸುತ್ತದೆ.

ಎರಡು ಗಂಟೆಗೆ ತೊಂಬತ್ತಾರು ವರ್ಷದ ಒಬ್ಬ ಅಜ್ಜಿಯನ್ನು ಮಗ್ಗುಲು ಬದಲಿಸಿ ಮಲಗಿಸಬೇಕಿತ್ತು, ಬೆನ್ನಿಗೆ ಹುಣ್ಣಾಗಬಾರದೆಂದು. ಅವರು ಎಚ್ಚರವಾಗಿ, ಹೊರಗೆ ಮಳೆಯಿದೆಯೇ ಎಂದು ಕೇಳಿದರು. ದಿನವೂ ಕೇಳುತ್ತಾರೆ. ಕಿಟಕಿಯ ತೆರೆ ಸರಿಸಿ ನೋಡಿ, ಇಲ್ಲ ಎಂದೆ. ಅವರ ಹೊದಿಕೆ ಸರಿಮಾಡುವಾಗ ಕೈ ನಡುಗುತ್ತಿತ್ತು. ಏನೂ ಕೇಳದೆ ಅವರು ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

ಇಲ್ಲಿನ ಹಳ್ಳಿಗಳಲ್ಲಿ ಸತ್ತವರನ್ನು ಮನೆಯಲ್ಲೇ ಒಂದು ರಾತ್ರಿ ಇಟ್ಟುಕೊಂಡು, ಊರವರೆಲ್ಲ ಬಂದು ಕೂರುವ ಪದ್ಧತಿ ಇನ್ನೂ ಇದೆ. ವೇಕ್ ಎನ್ನುತ್ತಾರೆ. ಫೆಬ್ರವರಿಯಲ್ಲಿ ಅಂಥ ಒಂದು ಮನೆಗೆ ಹೋಗಿದ್ದೆ. ಬಂದವರಿಗೆಲ್ಲ ಚಹಾ, ತಿಂಡಿ. ನೆರೆಯವರೇ ಅಡುಗೆಮನೆ ಹೊಕ್ಕು ಪಾತ್ರೆ ತೊಳೆಯುತ್ತಿದ್ದರು. ನಮ್ಮೂರಿನಂತೆಯೇ ಎಂದು ಅಜ್ಜಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಬಹಳ ಸಮಾಧಾನವಾಗಿತ್ತು. ‘ಹಾಗಾದರೆ ನೀನು ಒಳ್ಳೆಯ ಜನರ ನಡುವೆ ಇದ್ದೀಯ’ ಎಂದಿದ್ದರು. ಪರರ ಅಜ್ಜಿಯ ಪಕ್ಕದಲ್ಲಿ ರಾತ್ರಿಯಿಡೀ ಕುಳಿತಿದ್ದವಳಿಗೆ ಸ್ವಂತ ಅಜ್ಜಿಯ ಪಕ್ಕದಲ್ಲಿ ಒಂದು ಗಳಿಗೆ ಕೂರಲಾಗಲಿಲ್ಲ. ಪಾಳಿ ಮುಗಿಸಿ ಬಂದು, ಅಮ್ಮ ಕೊಟ್ಟ ತಲಕಾವೇರಿ ತೀರ್ಥದ ಸೀಸೆಯನ್ನು ದೀಪದ ಮುಂದಿಟ್ಟು ಕುಳಿತೆ.

ಆ ಮಳೆಯಲ್ಲಿ ಚಿತೆ ಹೇಗೆ ಉರಿದೀತು ಎಂಬ ಚಿಂತೆ ನನಗಿತ್ತು. ಆಮೇಲೆ ಅಣ್ಣ ಹೇಳಿದ: ಸೌದೆಮನೆಯ ಮೂಲೆಯಲ್ಲಿ ಮಾವಿನ ಮರದ ಸೀಳುಗಳನ್ನು ಅಜ್ಜಿ ಮೂರು ವರ್ಷದಿಂದ ಬೇರೆಯಾಗಿ ಒಟ್ಟಿಸಿಟ್ಟಿದ್ದರಂತೆ. ಪ್ರತಿ ಬೇಸಿಗೆಯಲ್ಲೂ ಬಿಸಿಲಿಗೆ ಹಾಕಿಸಿ ಮತ್ತೆ ಒಳಗಿಡಿಸುತ್ತಿದ್ದರಂತೆ. ‘ನಾನು ಮಳೆಗಾಲದಲ್ಲಿ ಹೋದರೆ ನಿಮಗೆ ಕಷ್ಟವಾಗಬಾರದು’ ಎಂದಿದ್ದರಂತೆ. 2023ರಲ್ಲಿ ನಾನೇ ಆ ಸೌದೆಯನ್ನು ಕಂಡಿದ್ದೆ ಅಪ್ಪ. ಒಲೆಗೆ ತರಲೇ ಎಂದು ಕೇಳಿದ್ದೆ. ‘ಅದು ಬೇರೆ ಕೆಲಸಕ್ಕೆ’ ಎಂದಿದ್ದರು.

ಕೊನೆಗೆ ಒಂದು ಬೇಡಿಕೆ. ಜೂನ್ 18ರವರೆಗೆ ಪುಸ್ತಕದಲ್ಲಿ ಅಜ್ಜಿಯ ಕೈ ಇದೆ. ಪುಟ್ಟಿ ನೀರು ಸುರಿದು ಅಂಕಿ ಹೇಳುತ್ತಿದ್ದಳು, ಅಜ್ಜಿ ನಡುಗುವ ಕೈಯಲ್ಲಿ ಬರೆಯುತ್ತಿದ್ದರು. ಆಮೇಲಿನ ಸಾಲುಗಳು ಖಾಲಿ. ಪಕ್ಕದ ತೋಟದವರ ಲೆಕ್ಕ ನೋಡಿ ತುಂಬಿಸೋಣ ಎಂದು ಚಿಕ್ಕಪ್ಪ ಹೇಳಿದರೆಂದು ಅಣ್ಣ ತಿಳಿಸಿದ. ದಯವಿಟ್ಟು ಹಾಗೆ ಮಾಡಬೇಡಿ. 1987ರಲ್ಲಿ ಕಣ್ಣಿನ ಪೊರೆಯ ಚಿಕಿತ್ಸೆಗೆ ಮೈಸೂರಿಗೆ ಹೋಗಿದ್ದಾಗ ಅಜ್ಜಿ ಮೂರು ದಿನವನ್ನು ಖಾಲಿ ಬಿಟ್ಟು ‘ಊರಿನಲ್ಲಿರಲಿಲ್ಲ’ ಎಂದಷ್ಟೇ ಬರೆದಿದ್ದಾರೆ. ಇಂದಿಗೆ 46 ದಿನ. ಅವುಗಳ ಪಕ್ಕದಲ್ಲಿ ಒಂದು ಗೆರೆ ಎಳೆದು ‘ಯಾರೂ ಅಳೆಯಲಿಲ್ಲ’ ಎಂದು ಬರೆಯಿರಿ.

ಪತ್ರ ತಲುಪಿದ ಮರುದಿನದಿಂದ ಪುಟ್ಟಿಯೇ ಬರೆಯಲಿ. ಅವಳು ಐದನೇ ತರಗತಿ, ಅಜ್ಜಿಗಿಂತ ಒಂದು ತರಗತಿ ಹೆಚ್ಚೇ ಓದಿದ್ದಾಳೆ. ಅಳತೆಗಾಜು ದೇವರ ಕೋಣೆಯ ಗೂಡಿನಲ್ಲಿ, ಬಟ್ಟೆ ಸುತ್ತಿಟ್ಟದ್ದು ಇದೆ. ಸಮತಟ್ಟಾದ ಕಲ್ಲಿನ ಮೇಲಿಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಬೇಕು, ಮೇಲಿನಿಂದ ಬಗ್ಗಿ ನೋಡಬಾರದು. ಆಲಿಕೆಗೆ ಎಲೆ ಬಿದ್ದಿದ್ದರೆ ತೆಗೆಯಬೇಕು. ಬೆಳಿಗ್ಗೆ ಎಂಟೂವರೆಗೆ, ಶಾಲೆಯ ಜೀಪು ಬರುವ ಮೊದಲು.

ಪಾತ್ರೆಯಲ್ಲಿ ಈಗ ನಿಂತಿರುವ ನೀರನ್ನು ಅಳೆಯುವುದು ಬೇಡ. ಹಿಂದಿನ ಸಂಜೆಯೇ ಅದನ್ನು ಅಂಗಳದ ಗುಲಾಬಿ ಗಿಡಕ್ಕೆ ಚೆಲ್ಲಿ, ಪಾತ್ರೆ ಒರೆಸಿ ಇಡಲಿ. ಮರುದಿನ ಬೆಳಿಗ್ಗೆ ಎಷ್ಟಾಯಿತೆಂದು ನನಗೆ ಫೋಟೋ ಕಳುಹಿಸಲಿ.

ನಿಮ್ಮ ಮಗಳು